ದುರ್ಗಾಳ ಸ್ವಂತ ಇಚ್ಛೆ

ಅಂಬಾಬಾಯಿಯನ್ನು ಒಳಗೆ ಬರಬೇಡಿ ಎಂದು ಹೊರಗಿನ ಬೆಂಚಿನ ಮೇಲೆ ಕೂಡಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಮುಚ್ಚಿಟ್ಟುಕೊಂಡಿದ್ದಳು ಎಂದು ನೀವು ಅಂದುಕೊಳ್ಳುತ್ತೀರಿ, ಅಂದುಕೊಂಡರೆ ತಪ್ಪೂ ಇಲ್ಲ.

ನನ್ನ ಹೆಸರು ಭಾಮಾ. ಧಾರವಾಡದವಳು, ಮದುವೆಯಾಗಿ ಪುಣೆಗೆ ಬಂದು ಮೂವತ್ನಾಲ್ಕು ವರ್ಷವಾಯಿತು. ಟೆಲಿಫೋನ್ ಇಲಾಖೆಯಿಂದ ನಿವೃತ್ತಳಾದ ಮೇಲೆ ಮನೆಯಲ್ಲಿ ಕೂತು ಗಂಡನ ತಪ್ಪು ಹುಡುಕುವುದೊಂದೇ ಕೆಲಸವಾಗಿ ಉಳಿದಿತ್ತು. ಮಧುಕರ ಪುಣ್ಯಾತ್ಮರು, ಒಂದು ವರ್ಷ ತಾಳಿಕೊಂಡರು. ಆಮೇಲೆ ಪೇಪರಿನಲ್ಲಿ ಬಂದ ಒಂದು ಪ್ರಕಟಣೆಯನ್ನು ಕತ್ತರಿಸಿ ನನ್ನ ಚಹಾದ ಬಸಿಯ ಕೆಳಗೆ ಇಟ್ಟರು. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವವರಿಗೆ ಕಚೇರಿ, ಆಸ್ಪತ್ರೆ, ಬ್ಯಾಂಕುಗಳಲ್ಲಿ ಜೊತೆ ನಿಲ್ಲುವ ಸ್ವಯಂಸೇವಕರು ಬೇಕು ಎಂದು ಒಂದು ಸಂಸ್ಥೆ ಕೇಳಿತ್ತು. ನನ್ನನ್ನು ಮನೆಯಿಂದ ಸಾಗಹಾಕುವ ಉಪಾಯ ಎಂದು ಗೊತ್ತಾಗಿ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹೋಗಿ ಹೆಸರು ಬರೆಸಿ ಬಂದೆ.

ನಮಗೆ ಜೊತೆಗಾರರು ಎನ್ನುತ್ತಾರೆ. ಇದು ವಕೀಲಿಯಲ್ಲ, ದಾದಿಯ ಕೆಲಸವೂ ಅಲ್ಲ. ಅಂಥವರ ಬದುಕಿನ ಬಗ್ಗೆ ನಾಲ್ಕು ಜನ ಕೂತು ತೀರ್ಮಾನ ಮಾಡುವಾಗ ಅವರ ಪಕ್ಕದಲ್ಲಿ ಕೂರಬೇಕು, ಕೇಳಿದ್ದು ಅವರಿಗೆ ತಿಳಿಯುವಂತೆ ಮಾಡಬೇಕು, ಅವರು ಹೇಳಿದ್ದು ಆ ನಾಲ್ಕು ಜನಕ್ಕೆ ಮುಟ್ಟುವಂತೆ ನೋಡಿಕೊಳ್ಳಬೇಕು. ನಮ್ಮ ಮಾತು ಅದರಲ್ಲಿ ಬೆರೆಯಬಾರದು. ನಿಮ್ಮ ಅಭಿಪ್ರಾಯವನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಿ ಎಂದು ನಮ್ಮ ಸಂಚಾಲಕಿ ದೀಪಾಲಿ ತರಬೇತಿಯಲ್ಲಿ ಹೇಳಿದಳು. ಎಲ್ಲದಕ್ಕೂ ಅಭಿಪ್ರಾಯವಿರುವ ನನಗೆ ಈ ಮಾತು ಯಾಕೋ ಭಾರಿ ಹಿಡಿಸಿತು. ನೆಂಟರ ಮನೆಗಳಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಆ ಸಂಸ್ಥೆಯಲ್ಲಿ ಕನ್ನಡ ಬರುವ ಜೊತೆಗಾರ್ತಿ ನಾನೊಬ್ಬಳೇ ಆದ್ದರಿಂದ ದುರ್ಗಾ ನನ್ನ ಪಾಲಿಗೆ ಬಂದಳು.

ದುರ್ಗಾಳಿಗೆ ಇಪ್ಪತ್ತಾರು ವರ್ಷ. ಸುರಪುರದ ಕಡೆಯವಳು. ಪುಣೆಯ ಅಂಚಿನ ವಾಕಡದಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಏಳುತ್ತಿದ್ದಾಗ ತಂದೆ ಕಾಶಪ್ಪ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗಾರೆ ಕೆಲಸಕ್ಕೆ ಬಂದಿದ್ದ. ಅವನು ಸತ್ತು ಬಹಳ ವರ್ಷವಾಯಿತು, ತಾಯಿ ಹೋದ ದೀಪಾವಳಿಗೆ ಕಾಮಾಲೆಯಿಂದ ತೀರಿಕೊಂಡಳು. ಅಂದಿನಿಂದ ದುರ್ಗಾ ಅಂಬಾಬಾಯಿಯ ಮನೆಯಲ್ಲಿದ್ದಳು. ಅಂಬಾಬಾಯಿ ರಕ್ತಸಂಬಂಧಿಯಲ್ಲ, ಪಕ್ಕದ ಊರಿನವಳು ಅಷ್ಟೆ. ತಗಡಿನ ಕೋಣೆಯಲ್ಲಿ ಎರಡು ಒಲೆ ಇಟ್ಟುಕೊಂಡು ನಮ್ಮ ಕಡೆಯ ಕೂಲಿಯವರಿಗೆ ಜೋಳದ ರೊಟ್ಟಿ ಮಾಡಿ ಹಾಕುತ್ತಾಳೆ. ದುರ್ಗಾ ಎಂಟು ವರ್ಷದಿಂದ ಅಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ಅವಳ ಅಣ್ಣ ಮನೋಹರ ಚಾಕಣದ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಾನೆ, ಐದು ಜನರ ಜೊತೆ ಒಂದು ಕೋಣೆಯಲ್ಲಿರುತ್ತಾನೆ. ತಂಗಿಯ ಕಾನೂನುಬದ್ಧ ಪೋಷಕನಾಗಲು ಅರ್ಜಿ ಹಾಕಿದ್ದ. ಜೊತೆಗೆ ಅವಳನ್ನು ಸಾತಾರಾ ರಸ್ತೆಯ ಒಂದು ವಸತಿಗೃಹದಲ್ಲಿ ಬಿಡಲು ಅನುಮತಿ ಕೇಳಿದ್ದ. ಇವಳಂಥ ಹೆಂಗಸರನ್ನು ಇಟ್ಟುಕೊಳ್ಳುವ ಜಾಗ ಅದು. ರೊಟ್ಟಿಯ ಕೋಣೆಗೆ ದಿನಾ ಐವತ್ತು ಗಂಡಸರು ಬಂದು ಹೋಗುತ್ತಾರೆ, ನಾಳೆ ಏನಾದರೂ ಆದರೆ ಯಾರು ಹೊಣೆ ಎಂಬುದು ಅವನ ಚಿಂತೆ. ಫೋನಿನಲ್ಲಿ ಇದನ್ನು ಹೇಳುವಾಗ ಅತ್ತುಬಿಟ್ಟ. ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಇಂಥ ಅರ್ಜಿ ತೀರ್ಮಾನಿಸುವ ಸಮಿತಿಯ ಅಧಿಕಾರಿ ಮೊದಲು ದುರ್ಗಾಳನ್ನೇ ಕೇಳಬೇಕು, ಅವಳ ಇಚ್ಛೆಯನ್ನು ಬರೆದುಕೊಳ್ಳಬೇಕು. ಅವಳು ಇಲ್ಲೇ ಇರುತ್ತೇನೆಂದು ಸ್ಪಷ್ಟವಾಗಿ ತಿಳಿಸಿದರೆ ವಸತಿಗೃಹಕ್ಕೆ ಕಳಿಸುವ ಹಾಗಿಲ್ಲ. ಅಷ್ಟೇ ಪ್ರಶ್ನೆ. ಅದಕ್ಕೆ ಅವಳನ್ನು ಸಿದ್ಧ ಮಾಡಲು ನನಗೆ ಐದು ಬುಧವಾರ ಸಿಕ್ಕವು.

ಮೊದಲ ಬುಧವಾರವೇ ತಲೆ ಮೇಲೆ ಕೈ ಹೊತ್ತು ಕೂತೆ. ದುರ್ಗಾ ಏನು ಕೇಳಿದರೂ ಹೌದು ಎನ್ನುತ್ತಾಳೆ. ಚಹಾ ಬೇಕಾ ಎಂದರೆ ಹೌದ್ರಿ, ಬೇಡವಾ ಎಂದರೂ ಹೌದ್ರಿ. ಕಟ್ಟಡದ ಜಾಗದಲ್ಲಿ ಕೂಲಿಯವರ ಮುಕಾದಮ ಇರಲಿ, ವಾಚ್‌ಮನ್ ಇರಲಿ, ಗದರಿದವರಿಗೆಲ್ಲ ಹೌದೆಂದರೆ ಏಟು ಕಡಿಮೆ ಬೀಳುತ್ತವೆ ಎಂದು ತಾಯಿ ಅವಳಿಗೆ ಕಲಿಸಿದ್ದಳಂತೆ. ಇನ್ನೊಂದನ್ನೂ ಕಲಿಸಿದ್ದಳು. ಕೊಡುವುದು, ತೆಗೆದುಕೊಳ್ಳುವುದು, ತೋರಿಸುವುದು ಎಲ್ಲವೂ ಬಲಗೈಯಲ್ಲೇ. ಎಡಗೈ ಸದಾ ಸೆರಗಿನ ಒಳಗೆ. ಒಮ್ಮೆ ಎಡಗೈಲಿ ರೊಟ್ಟಿ ಕೊಟ್ಟಿದ್ದಕ್ಕೆ ಒಬ್ಬ ಮೇಸ್ತ್ರಿ ಕಪಾಳಕ್ಕೆ ಹೊಡೆದಿದ್ದನೆಂದು ಅಂಬಾಬಾಯಿ ಹೇಳಿದಳು. ಆ ಮೇಸ್ತ್ರಿಯ ಮೇಲೆ ನನಗೆ ಕೋಪ ಬಂತು. ಆದರೆ ಹುಡುಗಿಗೆ ಒಳ್ಳೆಯ ರೂಢಿ ಇದೆಯಲ್ಲ ಎಂದು ಒಳಗೊಳಗೆ ಮೆಚ್ಚಿಕೊಂಡೆ ಕೂಡ. ನನ್ನ ತವರಿನಲ್ಲಿ ಎಡಗೈಯಲ್ಲಿ ಬಟ್ಟಲು ಮುಂದೆ ಮಾಡಿದರೆ ಅಜ್ಜಿ ಊಟವನ್ನೇ ಕೊಡುತ್ತಿರಲಿಲ್ಲ.

ಹೌದು ಅಲ್ಲ ಎಂಬ ಪ್ರಶ್ನೆ ನಡೆಯುವುದಿಲ್ಲ ಎಂದಾದ ಮೇಲೆ ಫೋಟೋ ತೆಗೆಸಿದೆ. ಎರಡು ಫೋಟೋ, ಒಂದೇ ಅಳತೆಯವು. ಒಂದರಲ್ಲಿ ಅಂಬಾಬಾಯಿಯ ಕೋಣೆ, ಒಲೆ, ಗೋಡೆಗೆ ಒರಗಿಸಿದ ಹಿಟ್ಟು ನಾದುವ ಕೊಣಮಿಗೆ. ಇನ್ನೊಂದರಲ್ಲಿ ವಸತಿಗೃಹದ ನೀಲಿ ಗೇಟು, ಹಿಂದೆ ಉದ್ದನೆಯ ಕಟ್ಟಡ. ಬರೀ ಫೋಟೋ ತೋರಿಸಿ ಕೇಳುವುದು ನ್ಯಾಯವಲ್ಲವೆಂದು ಒಂದು ಶನಿವಾರ ಸ್ವಾರಗೇಟಿನಿಂದ ಬಸ್ಸು ಹಿಡಿದು ಅವಳನ್ನು ಅಲ್ಲಿಗೂ ಕರೆದುಕೊಂಡು ಹೋದೆ. ಜಾಗ ಸ್ವಚ್ಛವಾಗಿತ್ತು. ಮೇಲ್ವಿಚಾರಕಿ ಒಳ್ಳೆಯ ಮಾತಿನವಳು. ಸಾಲು ಮಂಚಗಳು, ಪ್ರತಿ ಮಂಚಕ್ಕೂ ಒಂದು ನಂಬರು. ದುರ್ಗಾ ಎಲ್ಲದಕ್ಕೂ ಹೌದೆನ್ನುತ್ತ ಊಟ ಮಾಡಿ, ಬರುವಾಗ ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಆ ಮಂಚಗಳನ್ನು ಕಂಡು ನನಗೆ ಏನನಿಸಿತೋ ಅದನ್ನು ನಾನು ಯಾರಿಗೂ ಹೇಳಲಿಲ್ಲ. ಚಪ್ಪಲಿಯ ಜೊತೆ ಬಿಡಬೇಕಾದ ವಸ್ತು ಅದು.

ಅಲ್ಲಿಂದ ಮುಂದೆ ಎಲ್ಲ ಸರಾಗವಾಯಿತು. ರೊಟ್ಟಿಯ ಕೆಲಸ ಮುಗಿದ ಮೇಲೆ ಅವಳ ಮುಂದೆ ಚಾಪೆಯ ಮೇಲೆ ಎರಡೂ ಫೋಟೋ ಇಟ್ಟು ಎಲ್ಲಿ ಇರಬೇಕೆನಿಸುತ್ತದೆ, ಮುಟ್ಟಿ ತೋರಿಸು ಎನ್ನುತ್ತಿದ್ದೆ. ಅವಳು ಒಂದು ಗಳಿಗೆಯೂ ತಡಮಾಡದೆ ಅಂಬಾಬಾಯಿಯ ಕೋಣೆಯ ಮೇಲೆ ಕೈ ಇಟ್ಟು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ತಾರೀಖು, ಹೊತ್ತು, ಉತ್ತರ ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಉಳಿದ ಬುಧವಾರಗಳಲ್ಲಿ ಒಟ್ಟು ಇಪ್ಪತ್ಮೂರು ಸಲ ಕೇಳಿದ್ದೆ, ಇಪ್ಪತ್ಮೂರು ಸಲವೂ ಅದೇ. ಟೆಲಿಫೋನ್ ಇಲಾಖೆಯಲ್ಲಿ ಕೂಡ ನನ್ನ ದಾಖಲೆಗಳು ಇಷ್ಟು ಚೊಕ್ಕವಾಗಿದ್ದಿಲ್ಲ.

ವಿಚಾರಣೆಯ ದಿನ ಅಂಬಾಬಾಯಿ ಹೊಸ ಸೀರೆ ಉಟ್ಟು, ಬಟ್ಟೆಯಲ್ಲಿ ಬಿಸಿ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಸಾಹೇಬರ ಹತ್ತಿರ ಬರಿಗೈಯಲ್ಲಿ ಹೇಗೆ ಹೋಗುವುದು ಎಂದಳು. ಅದನ್ನು ಒಳಗೆ ತಂದರೆ ಲಂಚ ಎನ್ನುತ್ತಾರೆ ಎಂದು ಗದರಿದೆ. ಆಗ ಅವಳು ನನ್ನ ಕೈ ಹಿಡಿದಳು.

"ಅಕ್ಕಾರ, ನಾ ಒಳಗ ಬಂದು ಎರಡ ಮಾತ ಹೇಳ್ತೀನ್ರಿ. ಎಂಟ ವರ್ಷ ನನ್ನ ಸಂಗಾಟ ಅದಾಳ್ರಿ. ಆಕಿ ಮನಸ್ಸಿನಾಗ ಏನೈತಿ ನನಗ ಗೊತ್ತೈತ್ರಿ."

"ನೀವಲ್ರಿ," ಎಂದೆ. "ಅಕಿನ ಹೇಳ್ತಾಳ. ನೀವು ಬಂದ್ರ ನೀವ ಕಲಿಸಿಕೊಟ್ಟೀರಿ ಅಂತಾರ."

ಎಷ್ಟು ಠೀವಿಯಿಂದ ಹೇಳಿದೆ ಎಂದರೆ ಅವಳು ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಳು.

ಅಧಿಕಾರಿಯ ಹೆಸರು ಶರ್ವರಿ, ಮೂವತ್ತೈದರ ಆಸುಪಾಸಿನ ಹೆಂಗಸು. ನಾನು ಎಂಥೆಂಥ ಅಧಿಕಾರಿಗಳನ್ನು ಕಂಡಿದ್ದೇನೆ, ಈಕೆ ಅವರಂತಲ್ಲ. ತನ್ನ ದೊಡ್ಡ ಕುರ್ಚಿ ಬಿಟ್ಟು ಬಂದು ದುರ್ಗಾಳ ಎದುರಿಗೆ ಸಣ್ಣ ಸ್ಟೂಲಿನ ಮೇಲೆ ಕೂತಳು. ಪಕ್ಕದಲ್ಲಿ ಕೂತಿದ್ದ ಅಣ್ಣನ ಕಡೆಯಲ್ಲ, ದುರ್ಗಾಳ ಕಡೆಗೇ ನೋಡಿ ಮಾತಾಡಿದಳು. ನನ್ನ ಪಾತ್ರವೇನೆಂದು ಕೇಳಿದಾಗ ನಾನು ಅಚ್ಚುಕಟ್ಟಾದ ಮರಾಠಿಯಲ್ಲಿ, ನಾನು ನನ್ನ ಅಭಿಪ್ರಾಯ ಹೇಳುವವಳಲ್ಲ, ದುರ್ಗಾಳ ಮಾತನ್ನಷ್ಟೇ ತಲುಪಿಸುವವಳು ಎಂದೆ. ಅದನ್ನು ಆಕೆ ಬರೆದುಕೊಂಡಳು. ನನಗೆ ಖುಷಿಯಾಯಿತು. ಆಮೇಲೆ ನನ್ನ ಫೈಲಿನಿಂದ ಎರಡೂ ಫೋಟೋ ಕೇಳಿ ಪಡೆದು, ತಾನೇ ಮೇಜಿನ ಮೇಲೆ ಇಟ್ಟು, ಕೇಳಿ ಎಂದು ನನಗೆ ಸನ್ನೆ ಮಾಡಿದಳು.

ನಾನು ಎಂದಿನ ಮಾತಿನಲ್ಲೇ ಕೇಳಿದೆ. "ದುರ್ಗಾ, ನಿನಗ ಎಲ್ಲಿ ಇರಬೇಕಂತ ಅನಸ್ತದವಾ? ಮುಟ್ಟಿ ತೋರ್ಸು."

ದುರ್ಗಾ ನೀಲಿ ಗೇಟಿನ ಮೇಲೆ ಕೈ ಇಟ್ಟು, ನನ್ನ ಮುಖ ನೋಡಿ ನಕ್ಕಳು.

ನನಗೆ ಮೊದಲು ಏನೂ ತಿಳಿಯಲಿಲ್ಲ. ಗಾಬರಿಯಾದಳೇನೋ ಅಂದುಕೊಂಡೆ. ಆದರೆ ಅವಳು ಗಾಬರಿಯಾಗಿರಲಿಲ್ಲ. ನಮ್ಮ ಬುಧವಾರಗಳಲ್ಲಿ ನಕ್ಕ ಹಾಗೆಯೇ ನಗುತ್ತಿದ್ದಳು, ಫೋಟೋ ಕಡೆ ಅವಳ ಕಣ್ಣೇ ಇರಲಿಲ್ಲ. ಆಗ ಅವಳ ಕೈ ನೋಡಿದೆ. ಎಡಗೈ ಸೆರಗಿನೊಳಗಿತ್ತು. ಬಲಗೈ ತನಗೆ ಹತ್ತಿರವಿದ್ದ ಫೋಟೋದ ಮೇಲೆ, ಬಲಕ್ಕಿದ್ದ ಫೋಟೋದ ಮೇಲೆ ಇತ್ತು.

ಅಷ್ಟೂ ಸಲ ನಾನು ಅಂಬಾಬಾಯಿಯ ಕೋಣೆಯನ್ನು ಅವಳ ಬಲಕ್ಕೇ ಇಟ್ಟಿದ್ದೆ. ಬೇಕೆಂದು ಇಟ್ಟಿದ್ದಲ್ಲ. ನಮ್ಮ ಮನೆಯಲ್ಲಿ ಎಲೆಗೆ ಬಡಿಸುವಾಗ ಉಪ್ಪಿಗೆ ಒಂದು ಜಾಗ, ಕೋಸಂಬರಿಗೆ ಒಂದು ಜಾಗ, ಅದು ಕದಲುವ ಹಾಗಿಲ್ಲ. ಮಂಗಳದ್ದು ಬಲಕ್ಕೆ, ಉಳಿದದ್ದು ಎಡಕ್ಕೆ. ನನ್ನ ಕೈ ತಾನಾಗಿಯೇ ಹಾಗೆ ಇಡುತ್ತಿತ್ತು. ಅಭಿಪ್ರಾಯವನ್ನು ಚಪ್ಪಲಿಯ ಜೊತೆ ಬಿಟ್ಟಿದ್ದೇನೆ ಎಂದುಕೊಂಡವಳು ಅದನ್ನು ಇಪ್ಪತ್ಮೂರು ಸಲ ಚಾಪೆಯ ಮೇಲೆ ಹಾಸಿದ್ದೆ. ಪ್ರತಿ ಸಲ ಕೇಳುವಾಗ ಫೋಟೋಗಳ ಜಾಗ ಬದಲಿಸಬೇಕೆಂದು ತರಬೇತಿಯ ನಾಲ್ಕನೆಯ ದಿನ ಹೇಳಿಕೊಟ್ಟಿದ್ದರಂತೆ. ಆ ದಿನ ನಾನು ಬೆಳಗಾವಿಗೆ, ತಂಗಿಯ ಮಗಳ ಸೀಮಂತದ ಕುಬಸಕ್ಕೆ ಹೋಗಿದ್ದೆ. ದೀಪಾಲಿ ಕೊಟ್ಟ ಟಿಪ್ಪಣಿಯನ್ನು, ಇಷ್ಟು ವಯಸ್ಸಾದವಳಿಗೆ ಇದೇನು ಹೊಸದಾಗಿ ಕಲಿಸುತ್ತಾರೆ ಎಂದು ಅರ್ಧಕ್ಕೆ ಮಡಚಿಟ್ಟಿದ್ದೆ.

ತಡೆಯಲಾರದೆ ಬಾಯಿ ಹಾಕಿದೆ. ಫೋಟೋಗಳ ಜಾಗ ಬದಲಿಸಿ ಇನ್ನೊಮ್ಮೆ ಕೇಳೋಣ ಎಂದು ಬೇಡಿಕೊಂಡೆ. ಶರ್ವರಿ ಬೇಸರ ಮಾಡಿಕೊಳ್ಳಲಿಲ್ಲ. ಬದಲಿಸಿದಳು, ನಾನು ಕೇಳಿದೆ. ದುರ್ಗಾ ಮತ್ತೆ ಬಲಗಡೆಯದನ್ನೇ ಮುಟ್ಟಿದಳು. ಈ ಸಲ ಅದು ಅಂಬಾಬಾಯಿಯ ಕೋಣೆ. ಅಧಿಕಾರಿ ಫೈಲಿನಲ್ಲಿದ್ದ ನನ್ನ ದಾಖಲೆ ತೆರೆದು, ನಿಮ್ಮ ನೋಟ್‌ಬುಕ್ಕಿನ ಇಪ್ಪತ್ಮೂರು ಉತ್ತರಗಳಲ್ಲಿ ಕೋಣೆಯ ಫೋಟೋ ಯಾವ ಬದಿಗೆ ಇತ್ತು ಎಂದು ನನ್ನನ್ನು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಂದಿದ್ದರೆ ಯಾರೂ ಪರೀಕ್ಷೆ ಮಾಡಲು ಬರುತ್ತಿರಲಿಲ್ಲ. ಈಗ ದಿನಕ್ಕೆ ಹತ್ತು ಸಲ ಆ ಸುಳ್ಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಆಗ ನಿಜವೇ ಬಾಯಿಗೆ ಬಂತು. ಬಲಕ್ಕೇ ಇತ್ತು, ಪ್ರತಿ ಸಲವೂ ಬಲಕ್ಕೇ ಎಂದೆ. ಆಕೆ ನನ್ನ ನೋಟ್‌ಬುಕ್ಕನ್ನು ಮುಚ್ಚಿ, ಮೆತ್ತಗೆ ನನ್ನ ಕಡೆ ಸರಿಸಿದಳು.

ಆಮೇಲೆ ನಾನು ಏನೇನು ಮಾತಾಡಿದೆನೋ ಸರಿಯಾಗಿ ನೆನಪಿಲ್ಲ. ಅಲ್ಲಿ ಅವಳು ಸಂತೋಷವಾಗಿದ್ದಾಳೆ, ಕಣ್ಣಾರೆ ಕಂಡಿದ್ದೇನೆ, ಯಾವ ಗಿರಾಕಿಗೆ ಎಷ್ಟು ರೊಟ್ಟಿ ಎಂಬುದು ಅವಳಿಗೆ ಬಾಯಿಪಾಠ, ಹಾಡು ಗುನುಗುತ್ತ ಹಿಟ್ಟು ನಾದುತ್ತಾಳೆ ಎಂದೆಲ್ಲ ಹೇಳಿದೆ. ಇದು ಅವಳ ಮಾತೋ ನಿಮ್ಮದೋ ಎಂದು ಶರ್ವರಿ ಕೇಳಿದಳು. ಸ್ವಲ್ಪ ಹೊತ್ತಿನ ಮುಂಚೆ ನಾನೇ ಬರೆಸಿದ್ದ ಸಾಲು ಆಕೆಯ ಎದುರಿಗೇ ಇತ್ತು. ಹಾಗಾದರೆ ಹೊರಗೆ ಅಂಬಾಬಾಯಿ ಇದ್ದಾಳೆ, ಅವಳನ್ನಾದರೂ ಕರೆಸಿ ಎಂದೆ. ದುರ್ಗಾಳ ದುಡಿಮೆಯಿಂದ ಅವಳಿಗೆ ಲಾಭವಿದೆ, ಸಂಬಂಧಿಯೂ ಅಲ್ಲ, ಮೊದಲೇ ಸಾಕ್ಷಿಯೆಂದು ಹೆಸರು ಕೊಟ್ಟಿದ್ದರೆ ಕೇಳಬಹುದಿತ್ತು ಎಂದಳು. ಹೆಸರು ಕೊಡಬೇಡಿ ಎಂದು ದೀಪಾಲಿಗೆ ಹೇಳಿದವಳು ಯಾರು? ಮತ್ತೆ ನಾನೇ.

ಮನೋಹರ ಇಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ. ಈಗ ಕನ್ನಡದಲ್ಲಿ ನನಗಷ್ಟೇ ಕೇಳುವಂತೆ ಹೇಳಿದ. "ಅಕ್ಕಾರ, ಆಕಿಗಿ ಏನ ಬೇಕಂತ ನನಗೂ ತಿಳೀವಲ್ದ್ರಿ. ನೀವರ ಹೇಳ್ತೀರಿ ಅಂತ ನಾ ದಾರಿ ನೋಡ್ಲಿಕ್ಕತ್ತಿದ್ದೆ."

ಅವಳಿಗೆ ಏನು ಬೇಕೆಂದು ಆ ಗಳಿಗೆಯಲ್ಲಿ ನನಗೂ ಖಚಿತವಿರಲಿಲ್ಲ. ನನಗೆ ಬೇಕಾದದ್ದು ಏನು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಅರ್ಜಿಯ ನಮೂನೆಯಲ್ಲಿ ವ್ಯಕ್ತಿಯ ಸ್ವಂತ ಇಚ್ಛೆ ಎಂಬ ಅಂಕಣ ಖಾಲಿ ಬಿಡುವ ಹಾಗಿಲ್ಲ. ಜೊತೆಗಾರ್ತಿ ನಡುವೆ ಬಾಯಿ ಹಾಕಿದ ಮೇಲೆ ಬಂದ ಉತ್ತರವನ್ನು ಹಿಡಿಯುವ ಹಾಗೂ ಇಲ್ಲವಂತೆ. ಉಳಿದದ್ದು ಮೊದಲ ಉತ್ತರ. ಶರ್ವರಿ ಅದನ್ನೇ ಬರೆದಳು. ಆರು ತಿಂಗಳ ಮೇಲೆ ಮರುಪರಿಶೀಲನೆ ಎಂದು ಕೆಳಗೆ ಸೇರಿಸಿ, ನನ್ನ ಮುಖ ನೋಡಿ, ಇದಕ್ಕಿಂತ ಹೆಚ್ಚು ಮಾಡಲು ನನಗೆ ಅಧಿಕಾರವಿಲ್ಲ ಎಂದಳು. ವಸತಿಗೃಹದಲ್ಲಿ ಒಂದು ಮಂಚ ಖಾಲಿ ಇತ್ತು. ಮನೋಹರನಿಗೆ ರಜೆ ಆ ಒಂದೇ ದಿನ ಇತ್ತು. ಇವತ್ತೇ ಬಿಟ್ಟು ಬರುತ್ತೇನೆ ಎಂದು ಸಹಿ ಹಾಕಿ ರಿಕ್ಷಾ ಹುಡುಕಲು ಕೆಳಗೆ ಹೋದ.

ನಾವು ಹೊರಗೆ ಬಂದೆವು. ದುರ್ಗಾ ನೇರ ಹೋಗಿ ಅಂಬಾಬಾಯಿಯ ಪಕ್ಕದಲ್ಲಿ ಕೂತು, ರೊಟ್ಟಿಯ ಗಂಟನ್ನು ತನ್ನ ತೊಡೆಗೆ ಎಳೆದುಕೊಂಡಳು.

"ನಡಿ ಎವ್ವಾ, ಹೊತ್ತಾತು," ಎಂದಳು. "ಹಿಟ್ಟ ಮುಗದೈತಿ. ಸಂಜಿಗಿ ಗಾರಿ ಕೆಲಸದ ಭೀಮುನ ಮಂದಿ ನಲವತ್ತ ರೊಟ್ಟಿ ಹೇಳ್ಯಾರ. ನಾ ಇಲ್ಲಂದ್ರ ಯಾರ ಬಡೀತಾರ?"

ಯಾರೂ ಕೇಳಿರಲಿಲ್ಲ. ಫೋಟೋ ಇರಲಿಲ್ಲ, ಎಡ ಇರಲಿಲ್ಲ, ಬಲ ಇರಲಿಲ್ಲ. ಐದು ಬುಧವಾರ ನಾನು ಹುಡುಕುತ್ತಿದ್ದ ಉತ್ತರ ಬೆಂಚಿನ ಮೇಲೆ ಕೂತು ತಾನಾಗಿಯೇ ಮಾತಾಡುತ್ತಿತ್ತು. ನಾನು ತಿರುಗಿ ಒಳಗೆ ಓಡಿದೆ, ಈ ವಯಸ್ಸಿನಲ್ಲಿ ನಿಜವಾಗಿಯೂ ಓಡಿದೆ. ಸ್ಟೂಲಿನ ಎದುರು ಆಗಲೇ ಬೇರೆ ಕುಟುಂಬ ಕೂತಿತ್ತು. ಶರ್ವರಿ ನನ್ನ ಮಾತನ್ನು ಪೂರ್ತಿ ಕೇಳಿದಳು. ಲಿಖಿತವಾಗಿ ಕೊಡಿ, ಮರುಪರಿಶೀಲನೆಯ ಹೊತ್ತಿಗೆ ಫೈಲಿನಲ್ಲಿ ಇರುತ್ತದೆ ಎಂದಳು. ದೀಪಾಲಿಗೆ ಫೋನ್ ಮಾಡಿದೆ. ಮೇಲ್ಮನವಿ ಹಾಕೋಣ, ಎರಡು ಮೂರು ತಿಂಗಳಾಗಬಹುದು, ಅಲ್ಲಿಯವರೆಗೆ ಆದೇಶ ನಡೆಯುತ್ತದೆ ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತೀರ್ಮಾನ ಏನಾಯಿತೆಂದು ಆ ವ್ಯಕ್ತಿಗೆ ಅವರದೇ ಭಾಷೆಯಲ್ಲಿ ತಿಳಿಸಿ ಹೇಳುವುದು ಜೊತೆಗಾರರ ಕೊನೆಯ ಕೆಲಸ. ಅದನ್ನು ಬೇರೆಯವರಿಗೆ ಒಪ್ಪಿಸುವ ಹಾಗಿಲ್ಲ. ಅಂಬಾಬಾಯಿ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಾನು ದುರ್ಗಾಳ ಮುಂದೆ ನೆಲದ ಮೇಲೆ ಕೂತು, ಬಸ್ಸಿನಲ್ಲಿ ಹೋಗಿದ್ದ ಆ ನೀಲಿ ಗೇಟಿನ ಮನೆಗೆ ಇವತ್ತು ಅಣ್ಣನ ಜೊತೆ ಹೋಗಬೇಕು, ರಾತ್ರಿಯೂ ಅಲ್ಲೇ ಇರಬೇಕು, ಬಹಳ ದಿನ ಇರಬೇಕು ಎಂದು ಹೇಳಿದೆ. ಅವಳು ಯೋಚಿಸಿದಳು. ಅವಳು ಯೋಚಿಸುವಾಗ ಕಾಯಬೇಕು ಎಂಬುದನ್ನು ಮಾತ್ರ ನಾನು ಸರಿಯಾಗಿ ಕಲಿತಿದ್ದೆ.

"ಯಾರ ಅಂದ್ರು?" ಎಂದು ಕೇಳಿದಳು.

ಮರಾಠಿಯಲ್ಲಿದ್ದ ಆದೇಶದ ಪ್ರತಿ ನನ್ನ ಕೈಯಲ್ಲಿತ್ತು. ಮೊದಲ ಸಾಲಿನಲ್ಲೇ ಬರೆದಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನನ್ನ ಕೆಲಸ.

"ನೀನ ಅಂದಿಯಂತವಾ," ಎಂದೆ.

"ನಾ ಅಂದಿಲ್ರಿ."

ಮನೋಹರ ಮೇಲೆ ಬಂದು ರಿಕ್ಷಾ ನಿಂತಿದೆ, ಸ್ವಾರಗೇಟಿನಿಂದ ಎರಡು ಗಂಟೆಗೆ ಬಸ್ಸಿದೆ ಎಂದು ತಂಗಿಯ ಕೈ ಹಿಡಿದ. ಅವಳು ಎಳೆದಾಡಲಿಲ್ಲ, ಅಳಲಿಲ್ಲ. ಇಳಿಯುತ್ತ ಎದುರಿಗೆ ಸಿಕ್ಕ ಒಬ್ಬೊಬ್ಬರಿಗೂ, ವಾಚ್‌ಮನ್‌ನಿಗೂ, ಫೈಲು ಹಿಡಿದು ಬರುತ್ತಿದ್ದ ಗುಮಾಸ್ತನಿಗೂ, ಮಗುವನ್ನು ಎತ್ತಿಕೊಂಡಿದ್ದ ಹೆಂಗಸಿಗೂ, ನಿಂತು ನಿಂತು ಹೇಳಿದಳು, ನಾ ಅಂದಿಲ್ರಿ, ನಾ ಅಂದಿಲ್ರಿ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ದಾರಿ ಬಿಡಿ ಎನ್ನುತ್ತಿದ್ದಾಳೆಂದುಕೊಂಡು ಪಕ್ಕಕ್ಕೆ ಸರಿದು ಅವಳಿಗೆ ಮೆಟ್ಟಿಲು ಬಿಟ್ಟುಕೊಟ್ಟರು.